ಬಿಚ್ಚಲು ಬರುವ ಅಂಟು

‘ಗ್ರಂಥ’ ಎಂಬ ಮಾತಿಗೆ ಮೂಲದಲ್ಲಿ ಕಟ್ಟಿದ್ದು, ಪೋಣಿಸಿದ್ದು ಎಂದು ಅರ್ಥ. ಗಂಟು ಎಂಬರ್ಥದ ‘ಗ್ರಂಥಿ’ಯೂ ಅದೇ ಧಾತುವಿನಿಂದ ಬಂದದ್ದು. ತಾಳೆಗರಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಬಿಗಿದರೆ ಅದು ಓಲೆಯ ಕಟ್ಟು. ನಮ್ಮ ರಾಯಚೂರಿನ ಕಡೆ ಹಿರಿಯರ ಬಾಯಲ್ಲಿ ಅದು ‘ಜಿಲ್ದು’. ಅರಬ್ಬಿಯಿಂದ ಉರ್ದುವಿಗೆ ಬಂದ ಆ ಮಾತಿಗೆ ಚರ್ಮ ಎಂದೂ ಅರ್ಥವುಂಟು. ಇಷ್ಟೆಲ್ಲ ವ್ಯುತ್ಪತ್ತಿಯನ್ನು ತರಗತಿಯಲ್ಲಿ ಹೇಳುತ್ತ ಬಂದ ನನಗೆ, ಒಂದು ಗ್ರಂಥವನ್ನು ಕಟ್ಟುವುದು ಹೇಗೆಂಬುದು ಮಾತ್ರ ತಿಳಿದಿರಲಿಲ್ಲ.

ನಲವತ್ತು ದಾಟಿದ ಮೇಲೆ ಅದನ್ನು ಕಲಿಯುವ ಚಪಲ ಹುಟ್ಟಿತು. ವಾಚಕರು ನಗಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಕಾಬ್ಡನ್-ಸ್ಯಾಂಡರ್ಸನ್ ಎಂಬ ವಕೀಲನೊಬ್ಬ 1883ರಲ್ಲಿ, ನನ್ನ ವಯಸ್ಸಿನವನೇ, ಕೈಯಿಂದ ಏನಾದರೂ ಮಾಡಬೇಕೆಂದು ಹಂಬಲಿಸುತ್ತಿದ್ದಾಗ, ವಿಲಿಯಂ ಮಾರಿಸನ ಹೆಂಡತಿ ಪುಸ್ತಕ ಕಟ್ಟುವುದನ್ನು ಕಲಿಯಬಾರದೇಕೆ ಎಂದಳಂತೆ. ಆತ ವಕೀಲಿ ಬಿಟ್ಟು ಆ ಕಸುಬಿನಲ್ಲಿಯೇ ಹೆಸರು ಮಾಡಿದ. ನಾನೇನೂ ಅಧ್ಯಾಪಕ ವೃತ್ತಿ ಬಿಡಲಿಲ್ಲ. ರಾಯಚೂರಿನಲ್ಲಿ ಒಬ್ಬ ವೃದ್ಧ ಬೈಂಡರರ ಬಳಿ, ರಜೆಯ ದಿನಗಳಲ್ಲಿ ಹೋಗಿ ಕುಳಿತೆ. ಹಾಳೆಯನ್ನು ಮಡಿಸಿ ಹದಿನಾರು ಪುಟದ ಫಾರಂ ಮಾಡುವುದು, ದಬ್ಬಣದಿಂದ ಚುಚ್ಚುವುದು, ನೂಲಿಗೆ ಮೇಣ ತೀಡಿ ಹೊಲಿಯುವುದು, ರಟ್ಟು ಕತ್ತರಿಸುವುದು, ಒಂದೊಂದಾಗಿ ಬಂದವು. ಕಾಗದಕ್ಕೂ ಮರದಂತೆ ನಾರಿನ ದಿಕ್ಕು ಉಂಟೆಂದೂ, ಆ ದಿಕ್ಕು ಪುಸ್ತಕದ ಬೆನ್ನಿಗೆ ಸಮನಾಗಿರದಿದ್ದರೆ ಅಂಟಿನ ತೇವಕ್ಕೆ ಹಾಳೆ ಸುಕ್ಕಾಗಿ ರಟ್ಟು ಬಾಗುವುದೆಂದೂ ತಿಳಿದೆ. ಅಂಟು ಮಾತ್ರ ನನಗೆ ಬೇಸರದ ಕೆಲಸ. ಚಾಚಾ ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ಕೈಯಾಡಿಸುತ್ತ ಕುದಿಸಿ, ಹುಳು ಹಿಡಿಯದಿರಲೆಂದು ಚೂರು ಮೈಲುತುತ್ತ ಬೆರೆಸುವರು. ಅಂಗಡಿಯಲ್ಲಿ ಬಿಳಿಯ ಅಂಟು ಸಿದ್ಧವಾಗಿ ಸಿಗುವಾಗ ಈ ಅಡಿಗೆ ಏಕೆಂದು ನನಗೆ ಅನಿಸುತ್ತಿತ್ತು.

ನಾಲ್ಕೈದು ತಿಂಗಳ ವಿದ್ಯೆಯ ಹುಮ್ಮಸ್ಸಿನಲ್ಲಿ ನಾನು ಮೊದಲು ಕೈಹಾಕಿದ್ದು ಅವ್ವನ ಹಾಡಿನ ವಹಿಗೆ. ಬಾಗಲವಾಡದ ನಮ್ಮ ಮನೆಯ ಗೋಡೆಯ ಗೂಡಿನಲ್ಲಿ ಅದು ಬಟ್ಟೆ ಸುತ್ತಿಕೊಂಡು ಕುಳಿತಿತ್ತು. ವಿಜಯದಾಸರು ಹುಟ್ಟಿದ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರು ನೆಲೆಸಿದ ಮಾನ್ವಿ, ಎಲ್ಲವೂ ನಮ್ಮ ಸೀಮೆಯವೇ. ಹಾಡು ಕೇಳಿದವರು ಬರೆದುಕೊಳ್ಳುವುದು, ಬರೆದದ್ದನ್ನು ನೆರೆಯವರು ನಕಲು ಮಾಡಿಕೊಳ್ಳುವುದು ಇಲ್ಲಿನ ಮನೆಗಳಲ್ಲಿ ನಡೆದು ಬಂದದ್ದು. ಅವ್ವನ ವಹಿಯ ಹೊಲಿಗೆ ಹರಿದು, ಹಾಳೆಗಳು ಹೆಚ್ಚುಕಡಿಮೆಯಾಗಿ ಹೊರಚಾಚಿದ್ದವು. ನಾನು ಹೊಸದಾಗಿ ಹೊಲಿದೆ. ಬೆನ್ನಿಗೆ ಬಿಳಿಯ ಅಂಟನ್ನು ಧಾರಾಳವಾಗಿ ಬಳಿದೆ. ಮೂರು ಕಡೆಯ ಅಂಚನ್ನೂ ಕತ್ತರಿಸುವ ಯಂತ್ರಕ್ಕೆ ಕೊಟ್ಟು ಸಮ ಮಾಡಿಸಿದೆ. ಕೆಂಪು ಕ್ಯಾಲಿಕೋ ಹೊದಿಸಿದ ಮೇಲೆ ಅದು ಮದುವಣಗಿತ್ತಿಯಂತೆ ಕಂಡಿತು.

ಅಕ್ಕನಿಗೆ ತೋರಿಸಿದೆ. ಅವಳು ಹೊದಿಕೆಯನ್ನು ನೋಡಲಿಲ್ಲ, ನಡುವೆ ಒಂದು ಪುಟ ತೆರೆದು, ಬಹಳ ಹೊತ್ತು ದಿಟ್ಟಿಸಿ, “ಯಾರ ಮದಿವ್ಯಾಗ, ತಮ್ಮಾ? ಹೆಸರು ಎಲ್ಲೈತಿ?” ಎಂದಳು. ಹಾಡಿನ ಪಕ್ಕದಲ್ಲಿ, ಎಡಪುಟದ ಹೊರ ಅಂಚಿನಲ್ಲಿ, ಈ ಹಾಡನ್ನು ಯಾರಿಂದ ಕಲಿತೆ, ಯಾರ ಮದುವೆಯಲ್ಲಿ ಹಾಡಿದೆ ಎಂದು ಅವ್ವ ಸಣ್ಣಕ್ಷರದಲ್ಲಿ ಗುರುತು ಹಾಕಿಕೊಂಡಿದ್ದಳು. “ಮದುವೆಯಲ್ಲಿ” ಎಂಬುದು ಉಳಿದಿತ್ತು. ಯಾರದೆಂಬುದು ಯಂತ್ರದ ಕೆಳಗಿನ ಬುಟ್ಟಿಗೆ ಹೋಗಿತ್ತು. ಹಾಡುಗಳು ಬೇರೆ ಎಲ್ಲಿಯಾದರೂ ಅಚ್ಚಾಗಿ ಸಿಕ್ಕಾವು. ಆ ಹೆಸರುಗಳು ಸಿಗುವಂತಿಲ್ಲ.

ವಹಿಯನ್ನು ಚಾಚಾರ ಬಳಿಗೆ ಒಯ್ದೆ. ಬೆನ್ನಾದರೂ ಬಿಚ್ಚಿ ಮತ್ತೆ ಸರಿಯಾಗಿ ಕಟ್ಟಬಹುದೇ ಎಂದು ಕೇಳಿದೆ. ಅವರು ಉಗುರಿನಿಂದ ಕೆರೆದು ನೋಡಿ, “ಮೈದಾ ಹಚ್ಚಿದ್ರ ನೀರು ತೋಯಿಸಿ ಬಿಚ್ಚತಿದ್ದೆ, ಮಾಸ್ತರೇ. ಇದು ಬಿಡಂಗಿಲ್ಲ. ಬಿಚ್ಚಿದ್ರ ಹಾಳಿನೂ ಕಿತ್ತು ಬರತದ” ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಳೆಯದನ್ನು ದುರಸ್ತಿ ಮಾಡಲು ನಮಗಿರುವ ಅಧಿಕಾರ ಎಷ್ಟು? ಹೊಟ್ಟೆಪಾಡಿಗೆ ದುಡಿಯುವವನು ಗಿರಾಕಿ ಹೇಳಿದಷ್ಟು ಮಾಡುತ್ತಾನೆ. ಹವ್ಯಾಸಿಯ ಸಂತೋಷಕ್ಕೆ ಅಂಥ ಕಟ್ಟಳೆಯಿಲ್ಲ. ತನ್ನ ಕೈಚಳಕ ಕಾಣಬೇಕೆಂಬುದೇ ಅವನ ಆಸೆ. ಸಂತೋಷ ಅವನದು, ನಷ್ಟ ಪುಸ್ತಕದ್ದು. ವಿದ್ವಾಂಸರೂ ಇದಕ್ಕೆ ಹೊರತಲ್ಲ. 1947ರಿಂದ ದೊರೆಯತೊಡಗಿದ ಮೃತಸಮುದ್ರದ ಸುರುಳಿಗಳ ಚೂರುಗಳನ್ನು, 1950ರ ದಶಕದಲ್ಲಿ ಪಂಡಿತರು ಪಾರದರ್ಶಕ ಅಂಟುಪಟ್ಟಿಯಿಂದ ಜೋಡಿಸಿದರು. ಒಳ್ಳೆಯ ಉದ್ದೇಶವೇ. ಕಾಲಕ್ರಮದಲ್ಲಿ ಆ ಅಂಟು ಚರ್ಮದೊಳಕ್ಕಿಳಿದು ಅದನ್ನು ಕಪ್ಪಾಗಿಸಿತು. ಎರಡು ಸಾವಿರ ವರ್ಷ ಗುಹೆಯಲ್ಲಿ ಉಳಿದುಬಂದದ್ದನ್ನು ಆ ಪಟ್ಟಿಯಿಂದ ಬಿಡಿಸಲು ಪರಿಣತರು ದಶಕಗಟ್ಟಲೆ ಹೆಣಗಬೇಕಾಯಿತು.

ಹಾಗಾದರೆ ಮುಟ್ಟದೆ ಬಿಡುವುದೇ ಧರ್ಮವೆ? ಬಿಟ್ಟರೆ ಗೆದ್ದಲು ಬಿಡುವುದಿಲ್ಲ. ಸುಮ್ಮನಿರುವುದೂ ಒಂದು ತೀರ್ಮಾನವೇ. ಅದರ ಹೊಣೆಯೂ ನಮ್ಮದೇ. ದಾರಿ ಬೇರೆ ಇದೆ, ಮತ್ತು ಅದು ನನ್ನ ವೃತ್ತಿಯಲ್ಲಿಯೇ ಇತ್ತೆಂಬುದು ತಡವಾಗಿ ಹೊಳೆಯಿತು. ಓಲೆಪ್ರತಿಗಳನ್ನು ಸಂಪಾದಿಸುವಾಗ ನಾವು ಒಂದು ಪಾಠವನ್ನು ಶುದ್ಧವೆಂದು ಮೇಲೆ ಅಚ್ಚು ಮಾಡಿ, ಬಿಟ್ಟ ಪಾಠಗಳನ್ನು ಪುಟದ ಅಡಿಯಲ್ಲಿ ಪಾಠಾಂತರವೆಂದು ಕೊಡುತ್ತೇವೆ. ನನ್ನ ತೀರ್ಮಾನ ತಪ್ಪಾಗಿದ್ದರೆ ಮುಂದಿನವನು ಅದನ್ನು ಬಿಚ್ಚಬಹುದು. ಪಾಠಾಂತರವೆಂಬುದು ಸಂಪಾದಕನ ಮೈದಾ ಅಂಟು. ಅದನ್ನು ಕೊಡದೆ ತಿದ್ದಿದವನು ಎಷ್ಟೇ ಪಂಡಿತನಾದರೂ ನನ್ನಂತೆ ಅಂಚು ಕತ್ತರಿಸಿದವನೇ.

ಬದುಕಿನಲ್ಲಿ ಎಲ್ಲ ತಿದ್ದುಪಡಿಗೂ ಅಂಥ ಅನುಕೂಲವಿಲ್ಲ, ನಿಜ. ತರಗತಿಯಲ್ಲಿ ಹುಡುಗನೊಬ್ಬನ ಊರಿನ ಮಾತನ್ನು ಎಲ್ಲರೆದುರು ತಿದ್ದಿದ್ದೇನೆ. ಅವನು ಆಮೇಲೆ ಶುದ್ಧವಾಗಿ ಮಾತನಾಡಲಿಲ್ಲ, ಮಾತನಾಡುವುದನ್ನೇ ಬಿಟ್ಟ. ಅದನ್ನು ನೀರು ತೋಯಿಸಿ ಬಿಚ್ಚುವುದು ಹೇಗೆ? ಬಿಚ್ಚಲು ಬಾರದ ಕಡೆ ಕೈ ನಿಧಾನವಾಗಬೇಕು. ನನಗೆ ತಿಳಿದದ್ದು ಇಷ್ಟೇ.

ಅಕ್ಕ ತನಗೆ ನೆನಪಿದ್ದಷ್ಟು ಹೆಸರುಗಳನ್ನು ಹೇಳಿದಳು. ಕೆಲವು ಕಡೆ ಅವಳಿಗೂ ಅನುಮಾನ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹಿಂದಿನ ರಟ್ಟಿನ ಒಳಗೆ ಕಾಗದದ ಚೀಲವೊಂದನ್ನು ಮಾಡಿ ಆ ಚೀಟಿಗಳನ್ನು ಅದರಲ್ಲಿ ಇಟ್ಟಿದ್ದೇನೆ. ಚೀಲವನ್ನು ಮೈದಾದಿಂದಲೇ ಅಂಟಿಸಿದೆ. ಚೀಟಿಗಳಿಗೆ ಅಂಟು ಹಚ್ಚಿಲ್ಲ.