ಉರಿಯಿಲ್ಲದ ಒಲೆಗೆ ಪೂಜೆ ಉಂಟೇ?

ದಾವಣಗೆರೆಯ ಕೆ.ಬಿ. ಬಡಾವಣೆಯಂಥ ಕಡೆ ಇಂಡಕ್ಷನ್ ಒಲೆ ಕೊಳ್ಳುವಾಗ ಕರೆಂಟ್ ಬಿಲ್ಲಿನ ಜತೆಗೆ ಇನ್ನೊಂದು ಪ್ರಶ್ನೆಯೂ ಏಳಬಹುದು: ಉರಿಯೇ ಕಾಣದ ಒಲೆಯಲ್ಲಿ ಅಗ್ನಿ ಎಲ್ಲಿದ್ದಾನೆ? ಗೃಹಪ್ರವೇಶದಂದು ಒಲೆಗೆ ಅರಿಶಿನ-ಕುಂಕುಮ ಹಚ್ಚಿ ಹಾಲುಕ್ಕಿಸುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಸೌದೆ ಹೋಗಿ ಗ್ಯಾಸ್ ಬಂದಾಗಲೂ ಈ ಪೂಜೆ ನಿಲ್ಲಲಿಲ್ಲ. ಅಂದರೆ ನಾವು ಕೈಮುಗಿದದ್ದು ಅಕ್ಕಿಯನ್ನು ಅನ್ನ ಮಾಡುವ ಶಕ್ತಿಗೆ. ಇಂಡಕ್ಷನ್‌ನಲ್ಲಿ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲೇ ವಿದ್ಯುತ್ ಹರಿಸಿ ಅದನ್ನು ಕಾಯಿಸುತ್ತದೆ. ಶಕ್ತಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಹಾಗಾದರೆ ದೀಪಕ್ಕೆ, ಹೋಮಕ್ಕೆ ಉರಿ ಬೇಡವೇ? ಬೇಕು, ಅದು ದೇವರ ಮನೆಯ ಮಾತು. ಜೋಳದ ರೊಟ್ಟಿ ಉರಿಯ ಮೇಲೆ ಉಬ್ಬಿದರೇ ಚೆಂದ ಎನ್ನುವುದು ರುಚಿಯ ತಕರಾರು, ಧರ್ಮದ್ದಲ್ಲ. 12ನೇ ಶತಮಾನದ ಶರಣರಿಗೆ ದಾಸೋಹದಲ್ಲಿ ಮುಖ್ಯವಾದದ್ದು ದುಡಿಮೆಯ ಶುದ್ಧಿ, ಹಂಚುವ ಮನಸ್ಸು. ಆದ್ದರಿಂದ ರೊಟ್ಟಿಗೆ ಗ್ಯಾಸ್ ಇರಲಿ. ಕಾಂತ ಅಂಟುವ ತಳದ ಪಾತ್ರೆಗಳಿದ್ದರೆ ಇಂಡಕ್ಷನ್ ಕೊಳ್ಳಿ, ಧರ್ಮ ಅಡ್ಡ ಬರುವುದಿಲ್ಲ.