ಲಾಕರಿನ ಸೊತ್ತು, ಠೇವಣಿಯ ಸೊತ್ತು

ಅಪರೂಪದ ಸ್ಪೋರ್ಟ್ಸ್ ಕಾರುಗಳನ್ನು ಕೂಡಿಸಿಟ್ಟ ಶ್ರೀಮಂತನು ಅವನ್ನು ಓಡಿಸಬೇಕೇ, ಬೀಗ ಹಾಕಿ ಕಾಪಾಡಬೇಕೇ? ಕಾಸರಗೋಡಿನಿಂದ ಬಂದು ಸಾಂಗ್ಲಿಯಲ್ಲಿ ಬ್ಯಾಂಕ್ ಗುಮಾಸ್ತಿಕೆ ಮಾಡುವ, ಬಸ್ಸಿನಲ್ಲೇ ಓಡಾಡುವ ನನಗೇಕೆ ಈ ಚಿಂತೆ ಎನ್ನಬೇಡಿ. ಕಾಪಾಡುವುದೆಂದರೇನು ಎಂಬುದು ಎಲ್ಲರ ಪ್ರಶ್ನೆ.

ಸಾಂಗ್ಲಿಗೆ ಅಂಟಿಕೊಂಡಂತಿರುವ ಮಿರಜ ಸಿತಾರ್, ತಂಬೂರಿಗಳ ಊರು. 2024ರಲ್ಲಿ ಇವೆರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನುಡಿಸಿದಷ್ಟೂ ತಂತಿ ಹಾಯುವ ಕುದುರೆ ಸವೆಯುತ್ತದೆ. ಅದನ್ನು ಉಜ್ಜಿ ಮತ್ತೆ ಜವಾರಿ ಕೂಡಿಸುವ ಕೈಗಳು ಅಲ್ಲಿವೆ. ಯಾರೂ ನುಡಿಸದಿದ್ದರೆ ಆ ವಿದ್ಯೆಯೇ ಮರೆತುಹೋದೀತು. ಕಾರೂ ಹಾಗೆಯೇ. ನಿಂತಲ್ಲೇ ನಿಂತರೆ ಬ್ಯಾಟರಿ ಇಳಿಯುತ್ತದೆ, ಪೆಟ್ರೋಲು ಕೆಡುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ. ನೆರೆಯ ಕೊಲ್ಲಾಪುರದ ಅರಸುಮನೆತನದ ಹಳೆಯ ಮೇಬ್ಯಾಕ್ ಕಾರು ದಸರೆಗೆ ಬೀದಿಗಿಳಿಯುತ್ತದೆ. ನೋಡಲು ಜನ ಸೇರುತ್ತಾರೆ. ಆ ನೋಟದಲ್ಲಿ ಅವರಿಗೂ ಒಂದು ಪಾಲಿದೆ.

ಆದರೆ ಅಪಘಾತವಾದರೆ? ಅಂಥ ಕಾರು ಮತ್ತೆ ಹುಟ್ಟದು. 2021ರ ಕೇಂದ್ರ ನಿಯಮವೂ 50 ವರ್ಷ ದಾಟಿ ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಿಡುವುದಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಮೊದಲಾದವಕ್ಕಷ್ಟೇ ರಸ್ತೆ.

ಬ್ಯಾಂಕಿನ ಮಾತಿನಲ್ಲೇ ಹೇಳುವೆ. ಲಾಕರಿನಲ್ಲಿಟ್ಟ ಒಡವೆ ಇಟ್ಟಂತೆಯೇ ಇರುತ್ತದೆ. ಠೇವಣಿ ಹಾಗಲ್ಲ: ಬಳಸದಿದ್ದರೆ ಬಡ್ಡಿ ಹುಟ್ಟದು, ಮಿತಿಮೀರಿ ಬಳಸಿದರೆ ಅಸಲೂ ಉಳಿಯದು. ಅಪರೂಪದ ಕಾರು ಲಾಕರಿನ ಒಡವೆಯಲ್ಲ, ಠೇವಣಿ. ಮಾಡಿದವರು ಇಟ್ಟುಹೋದದ್ದು, ಮುಂದಿನವರು ಬಂದು ಕೇಳುವಂಥದ್ದು. ಒಡೆಯನು ಧಾರಾಳವಾಗಿ ಓಡಿಸಲಿ. ಮದದಿಂದಲ್ಲ, ಲೆಕ್ಕ ಒಪ್ಪಿಸಬೇಕಾದವನ ಎಚ್ಚರದಿಂದ.