ಹೋಲಿಕೆಯೂ ನಿಶ್ಚಯವೂ

ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತವು ವೇದಾಂತಗ್ರಂಥಗಳಲ್ಲಿ ಪ್ರಸಿದ್ಧವಾದುದು. ಅವನು ಬೆದರಿ ಹಿಂದೆ ಸರಿದುದು ತಪ್ಪೆ, ಅಥವಾ ದೀಪ ಬಂದ ಮೇಲೂ ಹಾವೆಂದೇ ಹಟ ಹಿಡಿದರೆ ಅದು ತಪ್ಪೆ? ಈ ಪ್ರಶ್ನೆಯು ತರ್ಕಕ್ಕೆ ಮಾತ್ರ ಸೇರಿದುದಲ್ಲ. ತೊಟ್ಟಿಲ ಬಳಿಯಲ್ಲಿಯೂ ಏಳತಕ್ಕುದು.

ಹುಮನಾಬಾದಿನ ಒಂದು ಮನೆಯಲ್ಲಿ ಎರಡು ತಿಂಗಳ ಕೂಸಿನ ರೆಪ್ಪೆ ಕೆಂಪೇರಿ ಊದಿಕೊಂಡಿತೆಂದು ಭಾವಿಸಬಹುದು. ನೋಡಿದವರೆಲ್ಲರೂ ಸೋಂಕೆನ್ನುವರು, ವೈದ್ಯನೂ ಹಾಗೆಯೇ ಬಗೆದು ಔಷಧ ಕೊಡುವನು. ಇದರಲ್ಲಿ ಅವನ ದೋಷವಿಲ್ಲ. ಕಣ್ಣಿನ ಸುತ್ತಣ ಸೋಂಕು ಕಣ್ಣಿನ ಗೂಡಿಗೂ, ಅಲ್ಲಿಂದ ಮಿದುಳಿಗೂ ಹರಡಬಲ್ಲುದು; ಅಂತಹ ಶಂಕೆಯಿರುವಲ್ಲಿ ನಿಶ್ಚಯಜ್ಞಾನಕ್ಕಾಗಿ ಕಾದು ಕುಳಿತಿರುವುದೇ ಅಪರಾಧವಾದೀತು.

ಆದರೆ ದಿನಗಳು ಕಳೆದರೂ ಊತವು ಇಳಿಯದು. ಜ್ವರವಿಲ್ಲ, ಕೀವಿಲ್ಲ; ಕೂಸು ನಗುತ್ತ ಹಾಲು ಕುಡಿಯುತ್ತದೆ. ಅತ್ತಾಗ ಊತವು ಹಿಗ್ಗಿ ನೀಲಿಗೊಳ್ಳುತ್ತದೆ. ಇದು ಒಂದು ರಾತ್ರಿಯಲ್ಲಿ ಬಂದುದಲ್ಲ, ವಾರಗಳಿಂದ ಮೆಲ್ಲಮೆಲ್ಲನೆ ಬೆಳೆಯಿತೆಂದು ತಾಯಿಯು ಮೊದಲೇ ಹೇಳಿರುತ್ತಾಳೆ. ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿದರೆ ಒಳಗೆ ಹರಿಯುವ ರಕ್ತ ಕಾಣುವುದು. ಅದು ಸೋಂಕಲ್ಲ; ಹೆಮಾಂಜಿಯೋಮಾ ಎಂಬ ರಕ್ತನಾಳಗಳ ಗಂಟು. ಮೊದಲ ಕೆಲವು ತಿಂಗಳು ಬೇಗ ಬೆಳೆದು, ಮುಂದೆ ವರ್ಷಗಳಲ್ಲಿ ತಾನಾಗಿ ಕುಗ್ಗುವಂಥದು. ಕೀವೆಂದು ಬಗೆದು ಕೊಯ್ದರೆ ರಕ್ತ ಸುರಿದೀತು.

ಕೇಡಿಲ್ಲದ ಗಂಟೆಂದು ಸುಮ್ಮನಿರುವುದು ಮತ್ತೊಂದು ಮೋಸ. ರೆಪ್ಪೆಯು ಪಾಪೆಯನ್ನು ಮುಚ್ಚಿದರೆ, ಇಲ್ಲವೆ ಗಂಟು ಕಣ್ಗುಡ್ಡೆಯನ್ನು ಒತ್ತಿ ಅದರ ಆಕಾರವನ್ನು ಕೆಡಿಸಿದರೆ, ನೋಡಲು ಕಲಿಯತಕ್ಕ ಕಾಲದಲ್ಲಿ ಆ ಕಣ್ಣು ಕಲಿಯದೆ ಮಂದವಾಗಿ ಉಳಿಯಬಹುದು. ಇದಕ್ಕೆ ಇಂದು ಕೊಡುವ ಮುಖ್ಯ ಮದ್ದು ಪ್ರೊಪ್ರನಲಾಲ್. ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಅದನ್ನು ಕೂಸೊಂದರ ಹೃದಯದ ತೊಂದರೆಗೆಂದು ಕೊಟ್ಟಿದ್ದರು. ಗಂಟೂ ಕುಗ್ಗಿದುದನ್ನು ಕಂಡು 2008ರಲ್ಲಿ ಲೋಕಕ್ಕೆ ತಿಳಿಸಿದರು. ಎಣಿಸದೆ ಇದ್ದುದು ಎದುರಿಗೆ ಬಂದಾಗ ಅದನ್ನು ಕಾಣುವ ಮನಸ್ಸು ಅವರಿಗಿದ್ದಿತು.

ಹುಮನಾಬಾದಿನ ನೆರೆಯಲ್ಲಿಯೇ ಇರುವ ಬಸವಕಲ್ಯಾಣದಲ್ಲಿ, 12ನೆಯ ಶತಮಾನದ ಶರಣರು ಕೂಡಿದ ಮಂಟಪಕ್ಕೆ ಅನುಭವದ ಹೆಸರು ಬಂದಿತು. ಅಲ್ಲಿ ಕಾಯಕದವರ ಮಾತಿಗೂ ಸ್ತ್ರೀಯರ ಮಾತಿಗೂ ಬೆಲೆಯಿದ್ದಿತು. ಹಗಲಿರುಳೂ ಕೂಸಿನ ಮುಖವನ್ನು ನೋಡುತ್ತಿರುವ ತಾಯಿಯ ಮಾತೂ ಅಂತಹ ಅನುಭವವೇ. ಓದಿಲ್ಲದವಳೆಂದು ಅದನ್ನು ತಳ್ಳಿಹಾಕುವವನು ತನ್ನ ಕೈಯ ದೀಪವನ್ನು ತಾನೇ ಆರಿಸಿಕೊಂಡಂತೆ. ತಿಳಿದಷ್ಟರಿಂದ ಕಾರ್ಯಕ್ಕೆ ತೊಡಗುವುದು ಧರ್ಮ. ಹೆಚ್ಚು ತಿಳಿದುಬಂದಾಗ ಮೊದಲ ಮಾತನ್ನು ನಾಚದೆ ಬಿಟ್ಟುಕೊಡುವುದೂ ಧರ್ಮವೇ. ಇವೆರಡರಲ್ಲಿ ಎರಡನೆಯದೇ ಕಠಿನತರವಾದುದು.